ಸಿಂಕ್ ಕೆಳಗಿನ ಉಪ್ಪಿನಕಾಯಿ ಭರಣಿ

ಕೇಳ್ರಪ್ಪಾ, ಇವತ್ತು ಸಿಟ್ಟಲ್ಲಿ ನಾನು ಮಾಡಿದ ಘನಂದಾರಿ ಕೆಲಸ.

ಭದ್ರಾವತಿ ಓಲ್ಡ್ ಟೌನಿಂದ ನನ್ನ ತಂಗಿ ಸರೋಜ ನಿನ್ನೆ ಬಂದಿದ್ಲು, ನಾಲ್ಕು ದಿನ ಇರ್ತೀನಿ ಅಂತ. ಬೆಳಿಗ್ಗೆ ಪಾತ್ರೆ ತೊಳೆಯೋಕೆ ನಿಂತ್ಲು. ಗೋಪಾಳದ ನಮ್ಮನೇಲಿ ಒಂದೇ ಹಿಡಿಯ ನಲ್ಲಿ. ಎಡಕ್ಕೆ ತಿರುಗಿಸಿದ್ರೆ ಬಿಸಿನೀರು, ಬಲಕ್ಕೆ ತಣ್ಣೀರು.

"ಅಕ್ಕಾ, ಬಿಸಿನೀರು ಬರ್ತಾ ಇಲ್ಲ ನೋಡು" ಅಂದ್ಲು.

ಗೀಸರ್ ಆನ್ ಇತ್ತು, ಬಚ್ಚಲಲ್ಲಿ ಬಿಸಿನೀರು ಬರ್ತಿತ್ತು. ನನಗೆ ಸಿಟ್ಟು ನೆತ್ತಿಗೇರ್ತು. "ನಿನ್ನೆವರೆಗೂ ಸರಿ ಇತ್ತು. ಬಾವಿ ಹಗ್ಗ ಜಗ್ಗಿದ ಹಾಗೆ ಜಗ್ಗಿ ಹಾಳು ಮಾಡಿದ್ಯಲ್ಲ ಮಾರಾಯ್ತಿ!"

ಅವಳು ಕೈ ಒರೆಸ್ಕೊಂಡು, "ನಿನ್ನ ನಲ್ಲಿ ನೀನೇ ಇಟ್ಕೋ ಅಕ್ಕ" ಅಂತ ಬ್ಯಾಗ್ ತಗೊಂಡು ಹೊರಟೇಬಿಟ್ಲು. ತಿಂಡೀನೂ ತಿನ್ನಲಿಲ್ಲ.

ಆಮೇಲೆ ಸಿಂಕ್ ಕೆಳಗೆ ಬಗ್ಗಿ ನೋಡಿದೆ. ಬಿಸಿನೀರಿನ ಪೈಪಿಗೆ ಅಲ್ಲೊಂದು ಸಣ್ಣ ವಾಲ್ವ್ ಇದೆ. ಒಂದು ಭರಣಿ ಅದರ ಹಿಡಿಗೆ ಒತ್ತಿಕೊಂಡು ಅದನ್ನ ಮುಚ್ಚಿಬಿಟ್ಟಿತ್ತು. ಸರೋಜ ತಂದ ಮಿಡಿ ಉಪ್ಪಿನಕಾಯಿ! ನಮ್ಮೆಜಮಾನ್ರಿಗೆ ಬಿಪಿ, ಅವರ ಕಣ್ಣಿಗೆ ಬೀಳಬಾರದು ಅಂತ ರಾತ್ರಿ ಅಲ್ಲಿಗೆ ತಳ್ಳಿದವಳು ನಾನೇ. ಭರಣಿ ಸರಿಸಿ ವಾಲ್ವ್ ತಿರುಗಿಸಿದೆ, ಬಿಸಿನೀರು ಬಂತು.

ಫೋನ್ ಮಾಡಿದೆ. "ತಪ್ಪು ನಂದೇ ಕಣೆ. ವಾಪಸ್ ಬಾ."

"ನೋಡೋಣ ಬಿಡಕ್ಕ" ಅಂದ್ಲು.

ನಮ್ಮ ತವರಿನವರು ನೋಡೋಣ ಅಂದ್ರೆ ಬರಲ್ಲ ಅಂತಲೇ ಅರ್ಥ. ಅದಕ್ಕೇ ನಾಳೆ ನಾನೇ ಭದ್ರಾವತಿ ಬಸ್ ಹತ್ತುತೀನಿ. ಅವಳ ಅಡುಗೆಮನೇಲಿ ಬರೋದು ತಣ್ಣೀರೊಂದೇ. ಎರಡೂ ಹೊತ್ತಿನ ಪಾತ್ರೆ ನಾನೇ ತೊಳೀತೀನಿ. ಈ ಬಾಯಿ ಮಾಡಿದ ಕೆಲಸಕ್ಕೆ ಕೈಯಾದ್ರೂ ಅನುಭವಿಸ್ಲಿ.