ಗದಿಗೆಮ್ಮ ಸಹಿ ಹಾಕದ ಚಾವಡಿ

ನಾನು ಸಿಟ್ಟಿನ ಮನುಷ್ಯ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಇನ್ಯಾರದೋ ಬಾಯಿಂದ ನಿಮಗೆ ಗೊತ್ತಾಗುವುದು ಬೇಡ. ಇಲ್ಲಿ ತೆಲುಗು ನಾಡಿನ ಬಾಲಾನಗರದ ವರ್ಕ್‌ಶಾಪುಗಳಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದೆ. ಅಲ್ಲಿ ವೈಜನಾಥ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ, ‘ಬೀದರಿನ ಬೆಂಕಿ’ ಎಂದರೆ ಗೇಟಿನ ಕಾವಲುಗಾರನೂ ಕೈ ತೋರಿಸುತ್ತಿದ್ದ. ಅಂಥ ನಾನು ಹೋದ ವರ್ಷದ ಬೇಸಿಗೆಯಲ್ಲಿ ಹೊಟ್ಟೆ ತುಂಬ ಬೈದದ್ದು ಎಪ್ಪತ್ತೆಂಟು ವರ್ಷದ ಒಬ್ಬ ಮುದುಕಿಯನ್ನು. ಅವಳ ಹೆಸರು ಗದಿಗೆಮ್ಮ. ಅವಳೊಬ್ಬಳು ಸಹಿ ಹಾಕಿದ್ದರೆ ನಮ್ಮ ಹನ್ನೆರಡು ಕುಟುಂಬಗಳಿಗೆ ಪಕ್ಕಾ ಮನೆ ಸಿಗುತ್ತಿತ್ತು.

ಕುಷಾಯಿಗೂಡದಿಂದ ಆಟೋದಲ್ಲಿ ಹತ್ತು ನಿಮಿಷ ಬಂದರೆ ನಮ್ಮ ಹಳ್ಳಿ. ಹಳ್ಳಿ ಎಂದು ನಾವು ಕರೆಯುತ್ತೇವೆ, ಅಷ್ಟೆ. ಸುತ್ತ ಅಪಾರ್ಟ್‌ಮೆಂಟುಗಳು ಎದ್ದು, ಹಳ್ಳಿಯದು ಎಂದು ಉಳಿದಿರುವುದು ನಿಜಾಮರ ಕಾಲದ ಒಂದು ಚಾವಡಿ ಮಾತ್ರ. ಕಲ್ಲು ಗಚ್ಚಿನ ಗೋಡೆ, ಬೇವಿನ ತೊಲೆ, ಮುಂದೆ ಪಡಸಾಲೆ, ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ. ನಲವತ್ತು ವರ್ಷದ ಹಿಂದೆ ಕಾರ್ಖಾನೆಯ ಕ್ವಾರ್ಟರ್ಸ್ ಕಟ್ಟಲು ಬೀದರ, ಯಾದಗಿರಿ, ರಾಯಚೂರಿನ ಕಡೆಯಿಂದ ಬಂದ ನಮ್ಮನ್ನೆಲ್ಲ ಗುತ್ತಿಗೆದಾರ ಇದರೊಳಗೇ ತುಂಬಿದ್ದ. ಆಮೇಲೆ ನಾವು ಅದರ ಸುತ್ತಲೇ ತಗಡಿನ ಮನೆ ಹಾಕಿಕೊಂಡು ಇಲ್ಲಿಯವರೇ ಆಗಿಹೋದೆವು.

ಗದಿಗೆಮ್ಮ ಯಾದಗಿರಿ ಕಡೆಯವಳು. ಗಂಡನ ಜೊತೆ ಕಲ್ಲು ಹೊರಲು ಬಂದಳು. ಎರಡನೆಯ ವರ್ಷಕ್ಕೇ ಆ ಗಂಡ ಯಾವಳದೋ ಬೆನ್ನು ಹತ್ತಿ ಸೊಲ್ಲಾಪುರಕ್ಕೆ ಓಡಿಹೋದ. ನಾವು ಸಮಾಧಾನ ಹೇಳಲು ಹೋದರೆ, “ಹೋಗವಲ್ಲನ್ಯಾಕ, ದಿನಾ ನಾಕ ರೊಟ್ಟಿ ಬಡಿಯೂದು ತಪ್ಪತು” ಎಂದು ನಕ್ಕುಬಿಟ್ಟಳು. ಸ್ವಂತ ಮಕ್ಕಳಿರಲಿಲ್ಲ. ಆದರೆ ಇಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಮೊದಲು ಹಿಡಿದದ್ದು ಅವಳ ಕೈ. ಆಸ್ಪತ್ರೆ ದೂರ, ಮೇಸ್ತ್ರಿ ರಜೆ ಕೊಡುತ್ತಿರಲಿಲ್ಲ, ನಮ್ಮ ಹೆಂಗಸರು ಚಾವಡಿಯ ಹಿಂದಿನ ಕೋಣೆಯಲ್ಲೇ ಹೆರುತ್ತಿದ್ದರು. ನನ್ನ ಮಗ ವೈಭವನೂ ಅಲ್ಲೇ ಹುಟ್ಟಿದವನು. ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋದ ಮೇಲೂ ಅವಳು ಆ ಕೋಣೆಯನ್ನು ಬಿಡಲಿಲ್ಲ. ದಿನಾ ಮಟಮಟ ಮಧ್ಯಾಹ್ನ ಒಂದು ಚರಿಗೆ ನೀರು ಹಿಡಿದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುವಳು. ಮುದುಕಿಗೆ ಅರಳುಮರಳು ಎಂದು ನಾವು ಸುಮ್ಮನಿದ್ದೆವು.

ಹೀಗಿರುವಾಗ ವಾರ್ಡಿನ ಆಫೀಸಿನಿಂದ ಕಾಗದ ಬಂತು. ಚಾವಡಿ ಕೆಡವಿ ಆ ಜಾಗದಲ್ಲಿ ಮೂರಂತಸ್ತು ಎಬ್ಬಿಸಿ ಹನ್ನೆರಡು ಮನೆ ಕೊಡುತ್ತಾರೆ, ಕಟ್ಟಿ ಮುಗಿಯುವವರೆಗೆ ಪಕ್ಕದ ಸರ್ಕಾರಿ ಕಟ್ಟಡದಲ್ಲಿ ಇರಿಸುತ್ತಾರೆ. ಹನ್ನೆರಡೂ ಕುಟುಂಬದ ಸಹಿ ಬೇಕು, ಒಂದು ಕಡಿಮೆಯಾದರೂ ಇಲ್ಲ. ಮೊದಲ ಸಹಿ ಹಾಕಿದವನು ನಾನು. ನನ್ನ ಸೊಸೆ ರಶ್ಮಿಗೆ ಆಗ ಆರು ತಿಂಗಳು. ಮೇ ತಿಂಗಳ ಬಿಸಿಲಿಗೆ ತಗಡು ಕಾದು, ಆ ಹುಡುಗಿ ಒದ್ದೆ ಸೀರೆ ಹೊದ್ದುಕೊಂಡು ಗೋಡೆಗೆ ಒರಗಿ ಕೂತಿರುತ್ತಿದ್ದಳು. ವೈಭವ ಅಬಿಡ್ಸ್‌ನ ಪುಸ್ತಕದಂಗಡಿಯಲ್ಲಿ ಕೆಲಸ ಮಾಡುತ್ತಾನೆ. “ಅಪ್ಪಾ, ಮಳಿಗಾಲದಾಗ ಈ ತಗಡಿನ ಕೆಳಗ ಬಾಣಂತನ ಮಾಡಾಕ ಆಗೂದಿಲ್ಲ. ಮನಿ ಆಗಲಿಲ್ಲಂದ್ರ ನಾವು ಬ್ಯಾರೆ ಕಡೆ ಬಾಡಿಗಿ ಹಿಡೀತೀವಿ” ಎಂದು ಕಡ್ಡಿ ಮುರಿದಂತೆ ಹೇಳಿದ. ಮೊಮ್ಮಗು ನನ್ನ ಕಣ್ಣ ಮುಂದೆ ಬೆಳೆಯಬೇಕು ಎನ್ನುವುದು ನನಗಿದ್ದ ಒಂದೇ ಆಸೆ.

ಹನ್ನೊಂದು ಸಹಿಗಳಾದವು. ಗದಿಗೆಮ್ಮ ಹೆಬ್ಬೆಟ್ಟು ಮಡಚಿಕೊಂಡು ಕೂತಳು. “ಎಂದುಕಮ್ಮಾ ಸಂತಕಂ ಪೆಟ್ಟವು?” ಎಂದು, ಯಾಕಮ್ಮಾ ಸಹಿ ಹಾಕುವುದಿಲ್ಲ ಎಂದು, ಆಫೀಸಿನವರು ತೆಲುಗಿನಲ್ಲಿ ಎಷ್ಟು ಕೇಳಿದರೂ ತಲೆ ಅಲ್ಲಾಡಿಸಿದಳಷ್ಟೆ. ಪಕ್ಕದ ಮನೆಯ ಬೂದೆಪ್ಪ, ಅವನು ಸೆಂಟ್ರಿಂಗ್ ಮೇಸ್ತ್ರಿ, ಕಾಲು ಹಿಡಿದು ನೋಡಿದ. ನನ್ನ ಹೆಂಡತಿ ಶಿವದೇವಿಗೆ ನೀನಾದರೂ ಹೇಳೇ ಎಂದರೆ, ಅವಳು ಮುಖ ತಿರುಗಿಸಿ ಅಕ್ಕಿ ಆರಿಸುತ್ತ ಕೂತಳು. ನನ್ನ ಸಿಟ್ಟು ನೆತ್ತಿಗೇರಿತು.

ಒಂದು ಮಧ್ಯಾಹ್ನ ನೇರ ಚಾವಡಿಗೆ ನುಗ್ಗಿ ಹಿಂದಿನ ಕೋಣೆಯ ಬಾಗಿಲು ಒದ್ದೆ. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಒಳಗೆ ಮಾತ್ರ ಮೈ ಜುಮ್ಮೆನ್ನುವಷ್ಟು ತಂಪು. ಸೆಗಣಿ ಸಾರಿಸಿದ ಮಣ್ಣಿನ ನೆಲದ ಮೇಲೆ ಅಂಗೈಯಗಲದ ಏಳು ಕಲ್ಲು. ಗದಿಗೆಮ್ಮ ಒಂದೊಂದರ ಮೇಲೂ ಹನಿ ಹನಿಯಾಗಿ ನೀರು ಬಿಡುತ್ತಿದ್ದಳು.

“ಏ ಮುದುಕಿ! ಸಹಿ ಹಾಕಾಕ ನಿನಗೇನ ಧಾಡಿ ಆಗೈತಿ?” ಎಂದು ಕಿರುಚಿದೆ.

“ಒದರಬ್ಯಾಡೋ ತಮ್ಮಾ, ಈಗರ ಕಣ್ಣು ಮುಚ್ಯಾವು.”

“ಯಾವು?”

ಅವಳು ಬಾಯಿಯ ಮೇಲೆ ಬೆರಳಿಟ್ಟಳು. ಆಗ ಕೇಳಿತು. ಕೂಸು ಅಳುವ ಮುಂಚೆ, ಮುಖ ಕೆಂಪಗೆ ಮಾಡಿ ಬಾಯಿ ತೆರೆದು, ಒಂದು ಉಸಿರು ಒಳಗೆ ಎಳೆದುಕೊಳ್ಳುತ್ತದಲ್ಲ, ಆ ಉಸಿರು. ಅದರ ಹಿಂದೆಯೇ ಅಳು ಬರಬೇಕು. ಬರಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಲ್ಲಿನ ಕೆಳಗಿಂದ ಇನ್ನೊಂದು ಉಸಿರು. ನಾನು ಎಣಿಸಿದೆ. ಏಳು ಆದವು, ಮತ್ತೆ ಮೊದಲಿನಿಂದ ಶುರುವಾಯಿತು. ಇಲಿಯೋ ಗಾಳಿಯೋ ಎಂದು ನನಗೆ ನಾನೇ ಹೇಳಿಕೊಂಡೆ. ಆ ಕೋಣೆಯಲ್ಲಿ ಗಾಳಿ ಬರಲು ಸಂದೇ ಇರಲಿಲ್ಲ.

“ಹೆಸರಿಡೂಕ ಮುಂಚೇನ ಹೋದ ಕೂಸುಗೋಳು,” ಎಂದಳು ಗದಿಗೆಮ್ಮ. “ಆಗ ಎಲ್ಲಿಗೆ ಒಯ್ಯಬೇಕಿತ್ತು? ಹುಟ್ಟಿದ ಮನ್ಯಾಗ ಇಟ್ಟೆ. ಮನಿ ಬಿಡುವಾಗ ಮನ್ಯಾಗಿನವರನ್ನ ಹೆಸರು ಹಿಡಿದು ಕರೀಬೇಕಲ್ಲೋ? ಹೆಸರ ಇಲ್ಲದ್ದನ್ನ ಏನಂತ ಕರೀಲಿ? ನಿಮ್ಮ ಜೆಸಿಬಿ ಬಂದರ ಇವು ಯಾರ ಹಿಂದ ಹೋಗಬೇಕು?”

ನಮ್ಮ ಮಂದಿಯಲ್ಲಿ ಅದೊಂದು ಪದ್ಧತಿ. ಮನೆ ಬದಲಿಸುವಾಗ ಹೊಸಿಲ ಹೊರಗೆ ನಿಂತು ಇದ್ದವರನ್ನೂ ಸತ್ತವರನ್ನೂ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತೇವೆ. ಕರೆಯದೆ ಬಿಟ್ಟವರು ಹಳೆಯ ಮನೆಯಲ್ಲೇ ಉಳಿಯುತ್ತಾರೆ ಎನ್ನುತ್ತಾರೆ. ನಾನು ಮನೆಗೆ ಬಂದು ಎರಡು ತಂಬಿಗೆ ನೀರು ಕುಡಿದೆ. ನಡೆದದ್ದನ್ನು ಹೇಳಿದಾಗ ಬೂದೆಪ್ಪ ಬೆಚ್ಚಿದ, ಶಿವದೇವಿ ಬೆಚ್ಚಲಿಲ್ಲ. “ಹಂಗಾರ ಹೆಸರಿಡ್ರಿ. ಏಳಕ್ಕೂ ಇಡ್ರಿ. ಆಮ್ಯಾಲ ಗದಿಗೆಮ್ಮ ಬ್ಯಾಡನ್ನೂದಿಲ್ಲ” ಎಂದಳು. ಗದಿಗೆಮ್ಮನೂ ಇದಕ್ಕೆ ಒಪ್ಪಿದಳು. ಅಬ್ಬಾ, ಗಂಟು ಬಿಚ್ಚಿತು ಎಂದು ನನಗೆ ಕುಣಿಯುವಷ್ಟು ಖುಷಿಯಾಯಿತು.

ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ, ತಂದೆಯ ಅಕ್ಕ ಅಥವಾ ತಂಗಿ. ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುತ್ತಾಳೆ, ಸುತ್ತ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ನಾನೇ ಓಡಾಡಿ ತಾಯಂದಿರನ್ನೂ ಸೋದರತ್ತೆಯರನ್ನೂ ಹುಡುಕಿದೆ. ಗದಿಗೆಮ್ಮ ಒಬ್ಬೊಬ್ಬರದೇ ಹೆಸರು ಹೇಳುತ್ತ ಹೋದಳು. ಆರನೆಯದಕ್ಕೆ ನಿಲ್ಲಿಸಿದಳು. ಏಳನೆಯದು ಯಾರದು ಎಂದರೆ, “ಅದು ತಾನ ಬರತೈತಿ” ಎಂದಳು. ಹೆಸರಿಡುವ ಹಿಂದಿನ ದಿನ ಬೀದರಿನಿಂದ ನನ್ನ ತಂಗಿ ಗಂಗಾಬಾಯಿ ಬಂದಿಳಿದಳು. ಯಾಕೆ ಬಂದೆ ಎಂದರೆ, “ವೈನಿ ಬಾ ಅಂದ್ರು, ಬಂದೆ” ಎಂದು ಅತ್ತಿಗೆ ಶಿವದೇವಿಯ ಕಡೆ ನೋಡಿದಳು. ಹೆಂಗಸರ ಕೆಲಸ, ಕೈಗೆ ಕೈ ಬೇಕಾಗುತ್ತದೆ ಎಂದುಕೊಂಡು ನಾನು ಹೆಚ್ಚು ಕೇಳಲಿಲ್ಲ.

ನಡು ಮಧ್ಯಾಹ್ನ ಎಲ್ಲರೂ ಆ ಕೋಣೆಯಲ್ಲಿ ಸೇರಿದೆವು. ಮುದುಕಿಯರಾದ ತಾಯಂದಿರು ಕಲ್ಲಿನ ಮುಂದೆ ಕೂತರು. ಮೊದಲನೆಯ ಅತ್ತೆ ನೆಲಕ್ಕೆ ಬಾಯಿ ಹಚ್ಚಿ ಕುರ್ರ್ ಎಂದು ಒಂದು ಹೆಸರು ಹೇಳಿದಳು. ಹೆಂಗಸರು ಬೆನ್ನಿಗೆ ಗುದ್ದಿದರು, ನಗಲು ಯಾರಿಗೂ ಆಗಲಿಲ್ಲ. ಆಮೇಲೆ ಕಿವಿಗೊಟ್ಟು ಕೇಳಿದೆವು. ಏಳಿದ್ದ ಉಸಿರು ಆರಾಗಿತ್ತು. ಬೂದೆಪ್ಪ ನನ್ನ ರಟ್ಟೆ ಹಿಡಿದುಕೊಂಡ. ಐದು, ನಾಲ್ಕು, ಮೂರು. ಹೆಸರು ಸಿಕ್ಕ ಕೂಸು ಸುಮ್ಮನಾಗುತ್ತ ಹೋಯಿತು. ಕೊನೆಗೆ ಗೋಡೆಯ ಮಗ್ಗುಲಿನ ಒಂದೇ ಉಸಿರು ಉಳಿಯಿತು. ಒಂದೇ ಆದ ಮೇಲೆ ಅದು ಎಷ್ಟು ಸ್ಪಷ್ಟವಾಗಿ ಕೇಳುತ್ತಿತ್ತೆಂದರೆ, ರಶ್ಮಿ ಹೊಟ್ಟೆ ಹಿಡಿದುಕೊಂಡು ಹೊರಗೆ ಓಡಿದಳು.

“ಇದು ಯಾರದಬೇ? ಲಗು ಹೇಳು,” ಎಂದೆ.

ಶಿವದೇವಿ ಎದ್ದು ಬಂದು ಆ ಕಲ್ಲಿನ ಮುಂದೆ ಕೂತಳು. ಏನು ಮಾಡುತ್ತಿದ್ದಾಳೆ ಎಂದು ನನಗೆ ತಿಳಿಯಲೇ ಇಲ್ಲ. ನಮ್ಮ ಮೊದಲ ಕೂಸು ಹುಟ್ಟುವಾಗಲೇ ಸತ್ತಿತ್ತು, ಎಂಬತ್ತೇಳನೆಯ ಇಸವಿಯಲ್ಲಿ. ಆಗ ನಾನು ರಾಮಗುಂಡಂನಲ್ಲಿ ಆರು ತಿಂಗಳ ಕೆಲಸಕ್ಕೆ ಹೋಗಿದ್ದೆ. ತಿರುಗಿ ಬಂದಾಗ ಹಾಗೆಂದೇ ಹೇಳಿದ್ದರು. ಸತ್ತು ಹುಟ್ಟಿದ್ದಕ್ಕೆ ಉಸಿರೆಲ್ಲಿಯದು ಎಂದು ನಾನು ಅದನ್ನು ಈ ಲೆಕ್ಕಕ್ಕೆ ಹಿಡಿದೇ ಇರಲಿಲ್ಲ.

“ಸತ್ತು ಹುಟ್ಟಿದ್ದಿಲ್ಲರಿ,” ಎಂದಳು ಶಿವದೇವಿ, ನನ್ನ ಕಡೆ ನೋಡದೆ. “ಇಪ್ಪತ್ತೊಂದ ದಿನ ಇದ್ದಳು. ಹನ್ನೆರಡನೇ ದಿನ ತೊಟ್ಟಲಕ್ಕ ಹಾಕೂದಿತ್ತು. ಹಡಿಯೂಕ ಮುಂಚೆ ನಿಮ್ಮ ಕಾಗದ ಬಂದಿತ್ತಲ್ಲ, ‘ನಾ ಬರೂತನಕ ಹೆಸರಿಡಬ್ಯಾಡ್ರಿ, ಹೆಣ್ಣಾದರ ಹೆಸರು ನಾನ ಯೋಚನಿ ಮಾಡಿ ಇಟ್ಟೀನಿ, ಬಂದು ಹೇಳತೀನಿ’ ಅಂತ. ಕಾದೆ. ಜ್ವರ ಬಂತು. ಹೋಗೂವಾಗ ಏನಂತ ಕರೀಬೇಕು ತಿಳೀಲಿಲ್ಲ ನನಗ.”

“ನನಗ ಯಾಕ ಹೇಳಲಿಲ್ಲ?” ಎಂದೆ.

“ನಿಮ್ಮ ಸಲುವಾಗಿ ಕಾದಕೋತ ಹೋತು ಅಂತ ಹ್ಯಾಂಗ ಹೇಳಲಿ?”

ಮೂವತ್ತೇಳು ವರ್ಷ ಆ ಹೆಂಗಸು ನನಗೆ ಅನ್ನ ಹಾಕಿದಳು, ನನ್ನ ಬೈಗುಳ ತಿಂದಳು, ಇದನ್ನೊಂದು ಬಾಯಿ ಬಿಡಲಿಲ್ಲ. ಗಂಗಾಬಾಯಿ ಆಗಲೇ ಮೊಣಕಾಲೂರಿ, ಕೆನ್ನೆ ನೆಲಕ್ಕೆ ಹಚ್ಚಿ ತಯಾರಾಗಿದ್ದಳು. ಹೆಂಗಸರು ಅವಳ ಬೆನ್ನ ಹಿಂದೆ ಕೈ ಎತ್ತಿ ನಿಂತಿದ್ದರು.

“ಅಣ್ಣಾ, ಏನಂತ ಹೇಳಲಿ?” ಎಂದಳು.

ಬಾಯಿ ತೆರೆದೆ. ಹೆಸರು ಬರಲಿಲ್ಲ.

ಕಾಗದ ಬರೆದದ್ದು ನೆನಪಿತ್ತು. ರಾಮಗುಂಡಂನ ತಗಡಿನ ಶೆಡ್ಡು, ಎಣ್ಣೆ ಮೆತ್ತಿದ ಕೈ, ನೀಲಿ ಇನ್‌ಲ್ಯಾಂಡ್ ಪತ್ರ, ಎಲ್ಲ ನೆನಪಿತ್ತು. ಇಡೀ ಒಂದು ವಾರ ಯೋಚಿಸಿ ಆರಿಸಿದ ಹೆಸರು. ನನ್ನಷ್ಟಕ್ಕೆ ನಾನೇ ಹತ್ತಾರು ಸಲ ಹೇಳಿಕೊಂಡು ನಕ್ಕಿದ್ದೆ. ಕೂಸು ಸತ್ತಿತು ಎಂದ ದಿನ ಆ ಹೆಸರನ್ನು ಎಲ್ಲಿ ಬಿಟ್ಟೆನೋ, ದೇವರಾಣೆ, ತಿಳಿಯಲಿಲ್ಲ.

ಬೂದೆಪ್ಪನಿಗೆ ತಡೆಯಲಾಗಲಿಲ್ಲ. “ಯಾವುದರ ಒಂದು ಹೇಳ್ರಿ ಮಾರಾಯ್ರ! ಲಕ್ಷ್ಮಿ ಅನ್ರಿ!” ಎಂದ. ಗಂಗಾಬಾಯಿ ಕುರ್ರ್ ಎಂದು ಲಕ್ಷ್ಮಿ ಎಂದಳು. ಹೆಂಗಸರು ಗುದ್ದಿದರು. ನಾವೆಲ್ಲ ನೆಲಕ್ಕೆ ಕಿವಿಗೊಟ್ಟೆವು. ಆಮೇಲೆ ನೆಲದ ಕೆಳಗಿಂದ ಮತ್ತೆ ಅದೇ ಉಸಿರು ಬಂತು, ಮುಂಚಿಗಿಂತ ಉದ್ದವಾಗಿ.

“ಅದಕ್ಕ ಗೊತ್ತಾಗತೈತಿ,” ಎಂದಳು ಗದಿಗೆಮ್ಮ. “ಅಪ್ಪ ತರತೀನಿ ಅಂದ ಹೆಸರು ಬ್ಯಾರೆ ಐತಿ ಅಂತ.”

ಅಂದು ಸಂಜೆ ಗದಿಗೆಮ್ಮ ಹೆಬ್ಬೆಟ್ಟು ಒತ್ತಿದಳು. ತನ್ನ ಕೆಲಸ ಮುಗಿಯಿತು, ಉಳಿದದ್ದು ತಂದೆಯದು ಎಂದಳು. ಹನ್ನೆರಡೂ ಆದವು. ಮಾರನೆಯ ದಿನ ಆಫೀಸಿನವರು ಕಾಗದ ಒಯ್ಯಲು ಬಂದಾಗ, ನಾನು ಪೆನ್ನು ಇಸಿದುಕೊಂಡು ನನ್ನ ಸಹಿಯ ಮೇಲೆ ಗೆರೆ ಎಳೆದೆ. ಎರಡು ಸಲ ಎಳೆದೆ, ಕಾಗದ ಹರಿಯಿತು. ಬೂದೆಪ್ಪ ನನ್ನ ಕಾಲ ಬುಡದಲ್ಲಿ ಉಗುಳಿ ಹೋದ. ಉಗುಳಲಿ. ನಾನಾಗಿದ್ದರೆ ಹೊಡೆದೇ ಬಿಡುತ್ತಿದ್ದೆ.

ವೈಭವ ಹೆಂಡತಿಯನ್ನು ಕರೆದುಕೊಂಡು ಬಾಡಿಗೆ ಮನೆಗೆ ಹೋದ. ಶ್ರಾವಣದಲ್ಲಿ ಅವರಿಗೆ ಮಗಳು ಹುಟ್ಟಿದಳು. ಹೆಸರನ್ನು ಅವರೇ ಇಟ್ಟುಕೊಂಡರು, ನಾನು ಕೇಳಲೂ ಹೋಗಲಿಲ್ಲ. ಶಿವದೇವಿ ಅಲ್ಲೊಂದು ವಾರ ಇಲ್ಲೊಂದು ವಾರ ಇರುತ್ತಾಳೆ. ಉಳಿದ ಹತ್ತು ಮನೆಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಆಫೀಸಿನವರು ಬರುವ ಯುಗಾದಿಯವರೆಗೆ ಕಾಯುತ್ತೇವೆ, ಆಮೇಲೆ ಆ ಮನೆಗಳು ಬೇರೆ ಕೇರಿಯವರಿಗೆ ಹೋಗುತ್ತವೆ ಎಂದಿದ್ದಾರೆ.

ಈಗ ಮಧ್ಯಾಹ್ನ ಚರಿಗೆ ಹಿಡಿದು ಹೋಗುವವನು ನಾನು. ಕಲ್ಲಿನ ಮೇಲೆ ನೀರು ಬಿಟ್ಟು, ಪಕ್ಕದಲ್ಲಿ ಕೂತು, ಒಂದೊಂದೇ ಹೆಸರು ಹೇಳುತ್ತೇನೆ. ನಿನ್ನೆ ಸುಮಿತ್ರಾ ಎಂದೆ, ನಿರ್ಮಲಾ ಎಂದೆ, ಜಯಶ್ರೀ ಎಂದೆ. ಒಂದೊಂದು ಹೇಳಿದಾಗಲೂ ನೆಲ ಒಂದು ಕ್ಷಣ ಸುಮ್ಮನಾಗಿ ಕೇಳಿಸಿಕೊಳ್ಳುತ್ತದೆ. ಆಮೇಲೆ ಉಸಿರು ಮತ್ತೆ ಶುರುವಾಗುತ್ತದೆ. ಗದಿಗೆಮ್ಮ ಹೊಸಿಲಲ್ಲಿ ಕೂತು ತಂಬಾಕು ತಿಕ್ಕುತ್ತಾಳೆ. “ನೆನಪಾತೇನೋ?” ಎಂದು ಕೇಳುತ್ತಾಳೆ. “ಇಲ್ಲಬೇ,” ಎನ್ನುತ್ತೇನೆ.

ಎಂಬತ್ತೇಳರಲ್ಲಿ, ಇಪ್ಪತ್ತೈದು ವರ್ಷದ ಒಬ್ಬ ಬೀದರಿನ ಫಿಟ್ಟರ್ ತನ್ನ ಮೊದಲ ಮಗಳಿಗೆ ಇಡಬಹುದಾಗಿದ್ದ ಹೆಸರು ಯಾವುದಾದರೂ ನಿಮಗೆ ಹೊಳೆದರೆ ದಯವಿಟ್ಟು ಬಂದು ಹೇಳಿ. ಮಧ್ಯಾಹ್ನ ಹನ್ನೆರಡರಿಂದ ನಾನು ಅಲ್ಲೇ ಇರುತ್ತೇನೆ.