ಬಾಗಿಲಿಗೆ ಕಟ್ಟಿದ ಹಸಿ ಚೀಲ

ಶಹಾಪುರದಲ್ಲಿ ನನಗೆ ಮೊದಲು ಇಷ್ಟವಾದದ್ದು ಅಲ್ಲಿ ಬಟ್ಟೆ ಒಣಗುವ ರೀತಿ. ಇದನ್ನು ಹೇಳಲು ಈಗ ನಾಚಿಕೆಯಾಗುತ್ತದೆ. ಆದರೂ ಹೇಳಬೇಕು, ಯಾಕೆಂದರೆ ಮುಂದಿನ ಅನಾಹುತವೆಲ್ಲ ಅಲ್ಲಿಂದಲೇ ಶುರುವಾಯಿತು.

ನಾನು ಕಡಲ ತಡಿಯವಳು. ನಮ್ಮಲ್ಲಿ ಆಷಾಢದಲ್ಲಿ ಒಗೆದ ಸೀರೆ ವಾರಗಟ್ಟಲೆ ಅಡುಗೆಮನೆಯ ಹೊಗೆಯಲ್ಲಿ ತೂಗಾಡಿ, ಕಡೆಗೂ ಒಣಗದೆ ಹಾಗೇ ಮೈಮೇಲೆ ಬರುತ್ತಿತ್ತು. ಬೇಸಿಗೆ ಬಂದರೆ ಬೆವರು. ಕೂತರೆ ಬೆವರು, ಮಿಂದು ಬಂದು ಮೈ ಒರೆಸಿಕೊಳ್ಳುವಷ್ಟರಲ್ಲಿ ಬೆವರು. ನನ್ನ ಹತ್ತೊಂಬತ್ತಕ್ಕೆ ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿ ಬಿದ್ದುಕೊಂಡಿರಲಾರದೆ ದಾದಿಯ ಕೆಲಸ ಕಲಿತೆ. ನಿಜಾಮರ ರಾಜ್ಯದಲ್ಲಿ ಹೆರಿಗೆ ಮಾಡಿಸಲು ಕಲಿತ ಹೆಂಗಸರು ಬೇಕಂತೆ ಎಂಬ ಸುದ್ದಿ ಬಂದಾಗ ಅಣ್ಣ, "ಅಷ್ಟು ದೂರ ಒಬ್ಬಳೇ?" ಎಂದ. ಅತ್ತಿಗೆ ಅಟ್ಟದಿಂದ ಟ್ರಂಕು ಇಳಿಸಿ ಧೂಳು ಒರೆಸಿ ಕೊಟ್ಟಳು. ಹೊರಟುಬಿಟ್ಟೆ.

ಚೈತ್ರದ ಕೊನೆಯಲ್ಲಿ ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದಾಗ ನಡು ಮಧ್ಯಾಹ್ನ. ಒಲೆಯ ಬಾಯಿಗೆ ಮುಖ ಒಡ್ಡಿದ ಹಾಗಾಯಿತು. ಶಹಾಪುರದ ಮೋಟಾರಿನಲ್ಲಿ ಭೀಮಾ ನದಿ ದಾಟುವಾಗ ಬಗ್ಗಿ ನೋಡಿದೆ. ನೀರು ಒಂದು ಮಗ್ಗುಲಿಗೆ ಸರಿದು, ಉಳಿದದ್ದೆಲ್ಲ ಮರಳು. ನದಿ ಎಂದರೆ ದಡದಿಂದ ದಡಕ್ಕೆ ತುಂಬಿರುವುದು ಎಂದು ತಿಳಿದವಳಿಗೆ ಅದನ್ನು ನದಿಯೆಂದು ಒಪ್ಪಲು ಕಷ್ಟವಾಯಿತು. ಪಕ್ಕದಲ್ಲಿ ಕೂತ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾವೂರಾಕಿ? ಇಲ್ಲಿಗ್ಯಾಕ ಬಂದಿ? ಜೋಡಿ ಯಾರೂ ಇಲ್ಲೇನ್?" ಎಂದು ಒಂದೇ ಉಸಿರಿಗೆ ಕೇಳಿದಳು. ಬೈಯುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ತನ್ನ ಬುತ್ತಿಯ ಜೋಳದ ರೊಟ್ಟಿ ಮುರಿದು ನನ್ನ ಕೈಗೆ ತುರುಕಿದಳು.

ಶಹಾಪುರದ ಸರಕಾರಿ ದವಾಖಾನೆಯಲ್ಲಿ ನನ್ನ ಕೆಲಸ. ಅಲ್ಲಿನ ರಿಜಿಸ್ಟರುಗಳೆಲ್ಲ ಉರ್ದುವಿನಲ್ಲಿ. ಓದು ಬರಹ ಬಲ್ಲೆನೆಂಬ ನನ್ನ ಜಂಬ ಮೊದಲ ದಿನವೇ ಇಳಿಯಿತು. ನಾನು ಬಾಯಲ್ಲಿ ಹೇಳುವುದು, ಡಾಕ್ಟರ್ ಸಾಹೇಬರು ಬರೆದುಕೊಳ್ಳುವುದು. ಉಳಿಯಲು ಒಂದು ಗಾಣದವರ ಮನೆಯ ಮುಂದಿನ ಕೋಣೆ ಸಿಕ್ಕಿತು. ದಪ್ಪ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮನೆ ತುಂಬ ಕುಸುಬಿ ಎಣ್ಣೆಯ ವಾಸನೆ. ಗಂಡಸರು ಹಗಲೆಲ್ಲ ಹಿತ್ತಲಿನ ಗಾಣದಲ್ಲಿರುತ್ತಿದ್ದರು. ಮನೆಯ ಯಜಮಾನಿ ಐವತ್ತು ದಾಟಿದವಳು, ಗಟ್ಟಿ ಗಂಟಲಿನವಳು. ಆ ಊರಲ್ಲಿ ಎಲ್ಲರೂ ನನ್ನನ್ನು, ಕಲಿತ ಹೆಂಗಸರನ್ನು ಕರೆಯುವ ಹಾಗೆ, "ಬಾಯಾರ" ಎಂದರೆ ಅವಳು ಮಾತ್ರ "ತಂಗಿ" ಎನ್ನುತ್ತಿದ್ದಳು. ನಾನು ಅವಳನ್ನು "ಅವ್ವಾ" ಎನ್ನತೊಡಗಿದೆ. ಕರೆಯಲು ಆ ಊರಲ್ಲಿ ನನಗೆ ಬೇರೆ ಯಾರಿದ್ದರು?

ಮೊದಲ ದಿನ ಸೀರೆ ಒಗೆದು ಹಗ್ಗದ ಮೇಲೆ ಹಾಕಿದೆ. ಈ ತುದಿಯಿಂದ ಸರಿಮಾಡುತ್ತ ಆ ತುದಿಗೆ ಹೋಗುವಷ್ಟರಲ್ಲಿ ಈ ತುದಿ ಒಣಗಿತ್ತು! ಕತ್ತಿನ ಹಿಂದೆ ಕೈಯಾಡಿಸಿಕೊಂಡೆ, ಬೆವರಿನ ಹನಿಯಿಲ್ಲ. ಅಣ್ಣನಿಗೆ ಕಾಗದ ಬರೆದೆ: ಇಲ್ಲಿ ಬಿಸಿಲು ಜೋರು, ಆದರೆ ಬೆವರೇ ಇಲ್ಲ, ಬಹಳ ಆರೋಗ್ಯದ ಹವೆ. ತಿಂಗಳೊಳಗೆ ತುಟಿ ಒಡೆದು ರಕ್ತ ಬಂತು, ಮೂಗಿನಲ್ಲೂ ರಕ್ತ ಬಂತು. ರೊಟ್ಟಿ ನುಂಗಲಾರದೆ ಗಂಜಿಗಾಗಿ, ಒಂದು ತುಂಡು ಮೀನಿಗಾಗಿ ಹಂಬಲಿಸಿ ಅತ್ತೆ. ಆದರೂ ಕಾಗದದಲ್ಲಿ ಬರೆದದ್ದನ್ನು ನಂಬುವುದು ಬಿಡಲಿಲ್ಲ. ಬೆವರಿಲ್ಲವೆಂದರೆ ಮೈಗೆ ಸೆಕೆಯಾಗಿಲ್ಲ ಎಂದೇ ನನ್ನ ತಿಳಿವಳಿಕೆ.

ಅವ್ವನಿಗೂ ನನಗೂ ಜಗಳ ಬಾಗಿಲಿನ ವಿಷಯಕ್ಕೆ. ಬಿಸಿಲು ಏರುವ ಮೊದಲೇ ಅವಳು ಕಿಟಕಿ ಬಾಗಿಲು ಜಡಿದು, ಮಾಳಿಗೆಯ ಬೆಳಕಿಂಡಿಯ ಮೇಲೆ ಕಲ್ಲು ಎಳೆದು, ಮನೆಯನ್ನು ಕತ್ತಲು ಮಾಡಿಬಿಡುತ್ತಿದ್ದಳು. ನಾನು ನನ್ನ ಕೋಣೆಯ ಕಿಟಕಿ ತೆರೆಯುತ್ತಿದ್ದೆ. ನಮ್ಮೂರಲ್ಲಿ ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಏಳುತ್ತದೆ, ಆ ಗಾಳಿಗಾಗಿಯೇ ಜನ ಜಗಲಿಗೆ ಬಂದು ಕೂರುತ್ತಾರೆ.

"ಝಳ ಒಳಗ ಕರಕೊಳ್ಳಾಕತ್ತಿಯಲ್ಲ, ಹುಚ್ಚಿ ಅದಿಯೇನ್?" ಎಂದು ಅವಳು ಬಂದು ಮುಚ್ಚುವಳು.

"ಗಾಳಿ ಬೆಳಕು ಇಲ್ಲದ ಮನೆಯಲ್ಲಿ ರೋಗ ಸೇರಿಕೊಳ್ಳುತ್ತದೆ ಅವ್ವಾ" ಎಂದು ನಾನು ಪುಸ್ತಕದ ಪಾಠ ಒಪ್ಪಿಸುವೆ. ಅವಳು ಹೋದ ಮೇಲೆ ಮತ್ತೆ ತೆರೆಯುವೆ.

ಅವಳ ಮಗಳು ಸುರಪುರದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಹದಿನೇಳರ ಹುಡುಗಿ, ಮಾತು ಕಡಿಮೆ, ನಗು ಜಾಸ್ತಿ. ನನ್ನ ರವಿಕೆಯ ಕಸೂತಿ ನೋಡಲು ಬಂದು ಕೂರುತ್ತಿದ್ದಳು. ಊರಿನ ಹೆರಿಗೆಗಳೆಲ್ಲ ಒಬ್ಬ ಮುದುಕಿ ಸೂಲಗಿತ್ತಿಯ ಕೈಯಲ್ಲಿ ಆಗುತ್ತಿದ್ದವು. ಆದರೆ ಅವ್ವ ಅವಳನ್ನು ಕರೆಯದೆ ನನ್ನ ಮುಂದೆ ಬಂದು ನಿಂತಳು. "ನೀ ಕಲತಾಕಿ. ನನ್ನ ಮಗಳನ್ನ ನಿನ್ನ ಉಡ್ಯಾಗ ಹಾಕೀನಿ, ತಂಗಿ" ಎಂದಳು. ಆ ಮಾತಿಗೆ ನಾನು ಉಬ್ಬಿಹೋದೆ. ಊರಿಗೆ ಬಂದು ತಿಂಗಳ ಮೇಲಾದರೂ ಒಬ್ಬರೂ ನನ್ನ ಕೈಯಲ್ಲಿ ಹೆರಿಗೆ ಮಾಡಿಸಿಕೊಂಡಿರಲಿಲ್ಲ.

ಹೆರಿಗೆ ಸಲೀಸಾಗಿ ಆಯಿತು. ಬೆಳಗಿನ ಹೊತ್ತು, ಹೆಣ್ಣು ಕೂಸು, ಕೈಗೆ ಭಾರ ಹತ್ತುವಂಥ ಗಟ್ಟಿಮುಟ್ಟಾದ ಕೂಸು. ಇದನ್ನು ನೆನಪಿಟ್ಟುಕೊಳ್ಳಿ, ನಾನಂತೂ ಮರೆತಿಲ್ಲ.

ಬಾಣಂತಿಗೆಂದು ಅವ್ವ ಒಳಗಿನ ಕತ್ತಲೆ ಕೋಣೆ ಅಣಿ ಮಾಡಿದ್ದಳು. ನೆಲಕ್ಕೆ ನೀರು ಚಿಮುಕಿಸಿ, ಬಾಗಿಲಿಗೆ ಗೋಣಿಚೀಲ ಕಟ್ಟಿ ಅದಕ್ಕೆ ಗಳಿಗೆಗೊಮ್ಮೆ ನೀರು ಎರಚುತ್ತಿದ್ದಳು. ಕುಡಿಯುವ ನೀರಿನ ದೊಡ್ಡ ಹರವಿಗಳನ್ನು ಆ ಕೋಣೆಗೇ ತಂದು ಸಾಲಾಗಿ ಇಟ್ಟು, ಅವುಗಳ ಮಗ್ಗುಲಲ್ಲಿ ಕೂಸಿನ ಹಾಸಿಗೆ ಹಾಕಿದ್ದಳು. ನಾನು ಅದನ್ನು ನೋಡಿ ಬೆಚ್ಚಿಬಿದ್ದೆ. ನಮ್ಮ ಕಡೆ ಎಳೆಗೂಸಿಗೆ ಶತ್ರುವೆಂದರೆ ಥಂಡಿ. ಮಳೆಗಾಲದಲ್ಲಿ ಹುಟ್ಟಿದ ಎಷ್ಟು ಕೂಸುಗಳು ಎದೆ ಕಟ್ಟಿ ಹೋದದ್ದನ್ನು ಕಂಡಿದ್ದೆ! ಹಸಿ ನೆಲ, ಹಸಿ ಚೀಲ, ಕತ್ತಲು. ಕೂಸನ್ನು ಕೊಲ್ಲಲು ಇನ್ನೇನು ಬೇಕು ಎಂದುಕೊಂಡೆ.

ಚೀಲ ಬಿಚ್ಚಿಸಿದೆ. ಹರವಿಗಳನ್ನು ಹೊರಗೆ ಹಾಕಿಸಿದೆ. ಬೆಳಕಿಂಡಿಯ ಕಲ್ಲು ಸರಿಸಿದೆ. ಗಾಳಿ ಆಡುವ ಬಾಗಿಲ ಬದಿಗೆ ಹಾಸಿಗೆ ಎಳೆದೆ. ಹೆರಿಗೆಗೆ ಮೊದಲೇ ನಾನೇ ಹೆಣೆದಿಟ್ಟಿದ್ದ ಉಣ್ಣೆಯ ಟೊಪ್ಪಿಗೆಯನ್ನು ಕೂಸಿನ ತಲೆಗೆ ಹಾಕಿದೆ.

"ಬ್ಯಾಸಗಿ ಕೂಸದ, ತಂಗಿ. ನಮ್ಮ ಪದ್ಧತಿ ಹಿಂಗ ಅದ" ಎಂದಳು ಅವ್ವ. ಅವಳ ದನಿಯಲ್ಲಿ ಎಂದಿನ ಜೋರು ಇರಲಿಲ್ಲ.

"ನನ್ನ ಉಡಿಯಲ್ಲಿ ಹಾಕಿದ ಮೇಲೆ ನನಗೆ ಬಿಡಿ" ಎಂದೆ. ಅವಳು ಬಿಟ್ಟಳು.

ಎರಡು ದಿನ ಕೂಸು ಅತ್ತಿತು. ಅವ್ವ ಬಟ್ಟೆಯ ಬತ್ತಿ ನೀರಿಗೆ ಅದ್ದಿ ತುಟಿಗೆ ತಾಗಿಸಲು ಬಂದಾಗ ಕಾಯಿಸದ ನೀರೆಂದು ಕೈ ತಳ್ಳಿದೆ. ನಾನು ಮತ್ತೆ ಮತ್ತೆ ಟೊಪ್ಪಿಗೆಯ ಕೆಳಗೆ ಬೆರಳಿಟ್ಟು ಕೂಸಿನ ಕತ್ತು ಮುಟ್ಟಿ ನೋಡುತ್ತಿದ್ದೆ. ನಮ್ಮಲ್ಲಿ ಕೂಸಿಗೆ ಸೆಕೆಯೋ ಅಲ್ಲವೋ ತಿಳಿಯುವುದು ಹಾಗೆ: ಕತ್ತು ಒದ್ದೆಯಾದರೆ ಸೆಕೆ. ಈ ಕೂಸಿನ ಕತ್ತು ಒಣಗಿಯೇ ಇತ್ತು. ಮೂರನೆಯ ದಿನ ಅದು ಅಳು ನಿಲ್ಲಿಸಿ ಮಲಗಿತು. ನೋಡಿ, ಹೇಗೆ ಸಮಾಧಾನವಾಗಿದೆ ಎಂದು ಅವ್ವನಿಗೆ ತೋರಿಸಿ ದವಾಖಾನೆಗೆ ಹೊರಟೆ.

ಹೊರಡುವಾಗ ಬಾಣಂತಿ ಮೆಲ್ಲಗೆ ಕರೆದಳು. ಕೂಸಿನ ಅಡಿಯ ಬಟ್ಟೆ ಅವಳ ಕೈಯಲ್ಲಿತ್ತು. "ಬಾಯಾರ, ನಿನ್ನಿಯಿಂದ ಕೂಸು ಉಚ್ಚಿನೇ ಹೊಯ್ದಿಲ್ಲರಿ. ಅರಿವಿ ಒಣಗೇ ಅದ."

ನಾನು ನಕ್ಕೆ. "ನಿಮ್ಮ ಊರಿನ ಬಿಸಿಲಿಗೆ ನನ್ನ ಸೀರೆಯೇ ನಿಂತ ಕಾಲ ಮೇಲೆ ಒಣಗುತ್ತದೆ. ಇದೆಷ್ಟರದು? ನೀನು ನೋಡುವಷ್ಟರಲ್ಲಿ ಒಣಗಿರುತ್ತದೆ" ಎಂದೆ. ಬಟ್ಟೆಯನ್ನು ಮೂಗಿಗೆ ಹಿಡಿದಿದ್ದರೆ ಸಾಕಿತ್ತು. ಒದ್ದೆಯಾಗಿ ಒಣಗಿದ ಬಟ್ಟೆಗೆ ವಾಸನೆ ಇರುತ್ತದೆ. ಹಿಡಿಯಲಿಲ್ಲ. ಹುಡುಗಿಯೂ ನಕ್ಕು ಸುಮ್ಮನಾದಳು. ಕಲಿತವಳು ನಾನಲ್ಲವೇ?

ಮಧ್ಯಾಹ್ನ ಬೆಟ್ಟದ ಕಡೆಯಿಂದ ಗಾಳಿ ಎದ್ದಿತು. ದವಾಖಾನೆಯ ಜವಾನ ಕಿಟಕಿಗಳನ್ನೆಲ್ಲ ಎಳೆದು ಮುಚ್ಚುತ್ತಿದ್ದುದನ್ನು ನೋಡಿ, ಈ ಜನಕ್ಕೆ ಗಾಳಿ ಎಂದರೆ ಯಾಕಿಷ್ಟು ಹೆದರಿಕೆಯೋ ಎಂದುಕೊಂಡೆ. ಇಳಿಹೊತ್ತಿಗೆ ಮನೆಗೆ ಬಂದೆ. ಬಾಣಂತಿ ಕೂಸನ್ನು ಎದೆಗೆ ಹಚ್ಚಿಕೊಂಡು ಕೂತಿದ್ದಳು. ಅದು ಬಾಯಿ ತೆರೆಯುತ್ತಿರಲಿಲ್ಲ. ಅವ್ವ ನನ್ನನ್ನು ಕೇಳದೆ ಟೊಪ್ಪಿಗೆ ಕಿತ್ತು ಹಾಕಿದಳು.

"ನೆತ್ತಿ ಗುಳಿ ಬಿದ್ದದ ನೋಡು" ಎಂದಳು.

ನೋಡಿದೆ. ಎಳೆಯ ನೆತ್ತಿ ಒಳಕ್ಕೆ ಇಳಿದಿತ್ತು, ನನ್ನ ಹೆಬ್ಬೆರಳು ಕೂರುವಷ್ಟು. ಮೈಯ ನೀರು ಆರಿದೆ ಎಂಬ ಅದರ ಅರ್ಥವನ್ನು ನಾನು ಕಲಿತಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಮೈ ಮುಟ್ಟಿದರೆ ಹಂಚಿನ ಬಿಸಿ, ಒಂದು ತೊಟ್ಟು ಬೆವರಿಲ್ಲ. ಆಗ ತಿಳಿಯಿತು: ಈ ಊರಿನಲ್ಲೂ ಮೈ ಬೆವರುತ್ತದೆ, ಗಾಳಿ ಅದನ್ನು ಕಾಣುವ ಮೊದಲೇ ಕುಡಿದುಬಿಡುತ್ತದೆ. ಮೂರು ದಿನದಿಂದ ಆ ಗಾಳಿಯ ಬಾಯಿಗೆ ಕೂಸನ್ನು ನಾನೇ ಒಡ್ಡಿದ್ದೆ.

ಹತ್ತಿ ಅದ್ದಿ ನೀರು ಹಿಂಡಿದೆ. ತುಟಿಯ ಬದಿಯಿಂದ ಹರಿದುಹೋಯಿತು. ಅವ್ವ ಓಡಿಹೋಗಿ ಹರವಿಗಳನ್ನು ಎಳೆದು ತಂದಳು, ಚೀಲ ಕಟ್ಟಿದಳು, ನೀರು ಎರಚಿದಳು, ಎರಚುತ್ತಲೇ ಇದ್ದಳು. ಹೊತ್ತು ಮುಳುಗುವಾಗ ಕೂಸು ಹೋಯಿತು.

ಇಷ್ಟಕ್ಕೇ ಮುಗಿದಿದ್ದರೆ ಅದನ್ನು ತಪ್ಪು ಎನ್ನಬಹುದಿತ್ತು. ಮುಂದೆ ನಾನು ಮಾಡಿದ್ದು ತಪ್ಪಲ್ಲ, ಹೇಡಿತನ. ಹುಡುಗಿ ನನ್ನ ಸೆರಗು ಹಿಡಿದು, "ಏನಾತ್ರಿ ಬಾಯಾರ, ನನ್ನ ಕೂಸಿಗೆ ಏನಾತು?" ಎಂದಾಗ ನನ್ನ ಬಾಯಿಂದ ಬಂದ ಮಾತು: "ಹುಟ್ಟುವಾಗಲೇ ಶಕ್ತಿ ಇರಲಿಲ್ಲ." ಮರುದಿನ ಡಾಕ್ಟರ್ ಸಾಹೇಬರಿಗೂ ಅದನ್ನೇ ಹೇಳಿದೆ. "ಕಮಜೋರ್ ಥಾ?" ಬಲಹೀನವಾಗಿತ್ತೇ, ಎಂದು ಕೇಳಿ ಬರೆದುಕೊಂಡರು. ನನಗೆ ಓದಲು ಬಾರದ ಅಕ್ಷರದಲ್ಲಿ ನನ್ನ ಸುಳ್ಳು ಸರಕಾರದ ಕಡತ ಸೇರಿತು. ಹುಡುಗಿಗೆ ನಾನು ಹೇಳಿದ್ದನ್ನು ಅವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಆ ಕೂಸನ್ನು ನನ್ನ ಕೈಯಿಂದ ಮೊದಲು ಎತ್ತಿಕೊಂಡವಳೇ ಅವಳು; ಅದರ ಭಾರ ಅವಳ ಕೈಗೆ ಗೊತ್ತಿತ್ತು.

ಮನೆ ಬಿಡು ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ರೊಟ್ಟಿ ಕೊಡುವುದನ್ನೂ ನಿಲ್ಲಿಸಲಿಲ್ಲ, ತಟ್ಟೆ ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದಳು. "ತಂಗಿ" ಎನ್ನುವುದು ಮಾತ್ರ ನಿಂತಿತು. ಅವಳ ಬಾಯಲ್ಲೂ ನಾನು "ಬಾಯಾರ" ಆದೆ. ಊರಿಗೆ ಓಡಿಹೋಗೋಣವೆಂದು ಎಷ್ಟು ಸಲ ಟ್ರಂಕು ತುಂಬಿದೆನೋ. ಹೋಗಬೇಕಾದದ್ದು ಅದೇ ಅಣ್ಣನ ಮನೆಗೆ ಎಂದು ನೆನಪಾಗಿ ಮತ್ತೆ ಬಿಚ್ಚಿದೆ.

ಮರು ವರ್ಷದ ಬೇಸಿಗೆಯಲ್ಲಿ ಹುಡುಗಿ ಮತ್ತೆ ತುಂಬು ಬಸುರಿಯಾಗಿ ಸುರಪುರದಿಂದ ಬಂದಳು. ನಗು ಹೋಗಿತ್ತು. ಒಂದು ಬೆಳಗ್ಗೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು:

"ಬಾಯಾರ, ನನ್ನ ಹೊಟ್ಟ್ಯಾಗಿನ ಕೂಸು ಕಮಜೋರ್ ಇರತಾವಂತ ನಮ್ಮತ್ತಿ ಅಂತಾಳ್ರಿ. ಇದೂ ಹಂಗೇ ಇರತದೇನ್ರಿ? ಇದೂ ಹಂಗಾದ್ರ ಅವರು ನನ್ನ ಕರಕೊಳ್ಳಾಂಗಿಲ್ಲ."

ನನ್ನ ಒಂದು ಮಾತು ಅಷ್ಟು ದೂರ ನಡೆದುಹೋಗಿತ್ತು. ಒಂದು ವರ್ಷ ಆ ಹುಡುಗಿ ಅದನ್ನು ಹೊತ್ತು ಬದುಕಿದ್ದಳು.

"ಇಲ್ಲ" ಎಂದೆ. "ಅದೂ ಕಮಜೋರ್ ಇರಲಿಲ್ಲ. ಗಟ್ಟಿ ಕೂಸು. ನಿನ್ನ ಅವ್ವ ಮಾಡಿದ್ದೇ ಸರಿಯಿತ್ತು. ಚೀಲ ಬಿಚ್ಚಿಸಿದ್ದು ನಾನು, ಬಿಸಿಗಾಳಿಗೆ ಮಲಗಿಸಿದ್ದು ನಾನು. ಬಟ್ಟೆ ಒಣಗಿದೆ ಎಂದು ನೀನು ತೋರಿಸಿದೆ, ನಾನು ನಕ್ಕೆ. ನಿನ್ನದೇನೂ ತಪ್ಪಿಲ್ಲ. ನಿಮ್ಮ ಅತ್ತೆಯ ಮುಂದೆಯೂ ಬಂದು ಇದನ್ನೇ ಹೇಳುತ್ತೇನೆ."

ಹುಡುಗಿ ನನ್ನನ್ನೇ ನೋಡಿದಳು. ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಆ ಒಂದು ಹೆಜ್ಜೆ ನನಗೆ ಇಂದಿಗೂ ಕಾಣುತ್ತದೆ.

ಒಳಗಿನಿಂದ ಅವ್ವನ ದನಿ ಬಂತು: "ಇಷ್ಟು ಹೇಳಾಕ ಒಂದು ವರ್ಷ ಬೇಕಾತೇನ್ ನಿನಗ?"

ಸುರಪುರಕ್ಕೆ ಹೋಗಿ ಹೇಳಿ ಬಂದೆ. ಆ ಅತ್ತೆ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ ಕೇಳಿದಳು, ಬೇಕಾದಷ್ಟು ಬೈದಳು. ಹೆರಿಗೆಗೆ ಸೂಲಗಿತ್ತಿ ಬಂದಳು. ನನ್ನನ್ನು ಒಳಗೆ ಕರೆಯಲಿಲ್ಲ; ಕರೆಯಬೇಕೆಂದು ನಾನೂ ಬಯಸಲಿಲ್ಲ. ಗಂಡು ಕೂಸಿನ ಅಳು ಕೇಳಿದ ಮೇಲೆ ಅವ್ವ ಹೊರಬಂದು ಒಂದು ತಂಬಿಗೆ ನನ್ನ ಮುಂದೆ ಕುಕ್ಕಿದಳು.

"ಚೀಲ ಒಣಗಾಕ ಬಿಡಬ್ಯಾಡ" ಎಂದಳು.

ಡಾಕ್ಟರ್ ಸಾಹೇಬರಿಂದ ರಜೆ ಕೇಳಿ ಪಡೆದೆ. ಹತ್ತು ದಿನ, ಬಿಸಿಲು ಏರಿದಾಗಿನಿಂದ ಇಳಿಯುವವರೆಗೆ, ಮುಚ್ಚಿದ ಆ ಕೋಣೆಯ ಬಾಗಿಲಲ್ಲಿ ಕೂತು ಚೀಲಕ್ಕೆ ನೀರು ಹಾಕಿದೆ. ಹಾಕಿದ ನೀರು ಕಣ್ಣೆದುರಿಗೇ ಆರುತ್ತಿತ್ತು, ಮತ್ತೆ ಹಾಕುತ್ತಿದ್ದೆ. ಚೀಲದ ಆಚೆ ತಾಯಿ ಕೂಸಿಗೆ ಏನೋ ಹೇಳುತ್ತಿದ್ದುದು ಕೇಳಿಸುತ್ತಿತ್ತು. ದಿನಕ್ಕೆ ಐದಾರು ಸಲ ಚೀಲದ ಅಡಿಯಿಂದ ಒಂದು ಕೈ ಹೊರಬಂದು ಕೂಸಿನ ಬಟ್ಟೆಯನ್ನು ನನ್ನ ಮುಂದೆ ಇಡುತ್ತಿತ್ತು. ಬಟ್ಟೆ ಒದ್ದೆಯಾಗಿರುತ್ತಿತ್ತು. ನಾನು ಅದನ್ನು ಮೂಗಿಗೆ ಹಿಡಿದು ನೋಡಿ, ಆಮೇಲೆ ಒಗೆಯಲು ಹಾಕುತ್ತಿದ್ದೆ.