ಬೆಳಕೆಯ ದೋಣಿಯಲ್ಲಿ ಹಿಡಿದ ಉಸಿರು

ಯೋಗ ಬಲಿತವನ ಚಿತ್ತ ಇನ್ನೊಬ್ಬನ ಮೈಯನ್ನು ಹೊಗಬಲ್ಲದು ಎಂದು ನಮ್ಮ ಪ್ರಾಚೀನರು ಹೇಳಿದ್ದಾರೆ. ಆ ಮಾತು ಬಂದಾಗಲೆಲ್ಲ ನಾನು ನಕ್ಕವನೇ. ಹೊನ್ನಾವರದಲ್ಲಿ ಬಹಳ ವರ್ಷಗಳಿಂದ ಯೋಗ ಕಲಿಸುತ್ತೇನೆ. ಆಸನ ಮುಗಿದ ಮೇಲೆ ತತ್ತ್ವ ಹೇಳುವ ಚಟವೂ ಇದೆ. ಕೆಲವರು ಅದನ್ನು ಶವಾಸನದಲ್ಲೇ ಕೇಳುತ್ತಾರೆ, ಗೊರಕೆಯೊಂದಿಗೆ. ಯೋಗದ ಬೇರು ಕಾಡಿನ ತಪಸ್ವಿಗಳಲ್ಲಿದೆ, ಮೈ ಬಗ್ಗಿಸುವುದಕ್ಕಿಂತ ಮನಸ್ಸನ್ನು ನಿಲ್ಲಿಸುವುದು ಅವರಿಗೆ ಮುಖ್ಯವಾಗಿತ್ತು, ಸಾಂಖ್ಯರ ಪ್ರಕಾರ ನೋಡುವವನು ಬೇರೆ, ಮೈಮನಸ್ಸು ಬೇರೆ ಎಂದೆಲ್ಲ ಹುರುಪಿನಿಂದ ಹೇಳುತ್ತಿದ್ದೆ. ಪರಕಾಯ ಪ್ರವೇಶದಂಥ ಸಿದ್ಧಿಗಳ ವಿಷಯ ಬಂದರೆ ಮಾತ್ರ, ಇದು ಶಿಷ್ಯರನ್ನು ಸೆಳೆಯಲು ಸೇರಿಸಿದ್ದು ಎಂದು ಹಾರಿಸಿಬಿಡುತ್ತಿದ್ದೆ.

ಕಡಲತಡಿಯ ಬೆಳಕೆ ಊರಿನ ಮಂಜುನಾಥ ಸೊಂಟನೋವಿಗೆಂದು ನನ್ನ ತರಗತಿಗೆ ಬಂದವನು. ಸಮುದ್ರದ ಬಂಡೆಗಳಿಗೆ ಕಚ್ಚಿಕೊಂಡಿರುವ ನೀಲಿಕಲ್ಲು ಎಂಬ ಚಿಪ್ಪುಮೀನನ್ನು ಮುಳುಗಿ ಕಿತ್ತು ತರುವುದು ಅವನ ಕಸುಬು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಾನೆ. ಇನ್ನೊಂದು ತುದಿ ದೋಣಿಯಲ್ಲಿ ಹೆಂಡತಿ ನಾಗವೇಣಿಯ ಕೈಯಲ್ಲಿರುತ್ತದೆ. ಅವನು ಮುಳುಗಿದ ಕೂಡಲೇ ಅವಳೂ ಉಸಿರು ಹಿಡಿಯುತ್ತಾಳೆ, ತನಗೆ ತಡೆಯದಾದಾಗ ಹಗ್ಗ ಎಳೆದು ಅವನನ್ನು ಮೇಲೆ ತರುತ್ತಾಳೆ. ಅವರ ಮನೆತನದಲ್ಲಿ ಮುಳುಗುವವರಿಗೆ ಹಿಂದಿನಿಂದಲೂ ಇದೇ ಗಡಿಯಾರ.

ಒಂದು ಭಾನುವಾರ ಬೆಳಿಗ್ಗೆ ಅವರ ದೋಣಿಯಲ್ಲಿ ನಾನೂ ಹೋದೆ. ನಾಗವೇಣಿಗೆ ಬಿಡದೆ ಕೆಮ್ಮು.

"ನಂಗೆ ಇವತ್ತು ಉಸಿರು ನಿಲ್ಲೂದಿಲ್ಲ" ಎಂದಳು.

"ಮಾಸ್ತರ್ ಇದ್ರಲ್ಲ, ಉಸಿರು ಹಿಡಿಯೂದೇ ಅವ್ರ ಕೆಲ್ಸ. ಹಗ್ಗ ಅವ್ರ ಕೈಗೆ ಕೊಡು, ಆತು" ಎಂದು ಮಂಜುನಾಥ ನಕ್ಕ.

ನನಗೆ ಒಳಗೊಳಗೇ ಹೆಮ್ಮೆಯಾಯಿತು. ಕುಂಭಕ ಅಭ್ಯಾಸ ಮಾಡಿದ ನನ್ನ ಉಸಿರು ಮುಳುಗುವವನ ಉಸಿರಿಗಿಂತಲೂ ಉದ್ದವಿರಬಹುದು, ಹಾಗಿದ್ದರೆ ಗಡಿಯಾರವೇ ತಪ್ಪಾಗುತ್ತದೆ ಎಂಬುದು ಮೂವರಿಗೂ ಹೊಳೆಯಲಿಲ್ಲ.

ಅವನು ಮುಳುಗಿದ. ನಾನು ಉಸಿರು ಹಿಡಿದು ಕಣ್ಣು ಮುಚ್ಚಿದೆ. ಮನೆಯಲ್ಲಿ ಚಾಪೆಯ ಮೇಲೆ ಕೂತಷ್ಟೇ ಹಾಯಾಗಿತ್ತು. ಹಾಗಿರುವಾಗ ಎಡಗಾಲಿನ ಹರಡಿಗೆ ದಾರದಂಥದ್ದು ಸುತ್ತಿ ಬಿಗಿಯಿತು. ಕಣ್ಣು ಬಿಟ್ಟು ನೋಡಿದೆ. ಕಾಲು ಹನಿ ನೀರೂ ತಾಗದೆ ದೋಣಿಯ ಹಲಗೆಯ ಮೇಲೇ ಇತ್ತು, ಅದಕ್ಕೆ ಏನೂ ಸುತ್ತಿರಲಿಲ್ಲ. ಆದರೂ ಬಿಗಿತ ಹೋಗಲಿಲ್ಲ. ಕಿವಿಯಲ್ಲಿ ನೀರು ತುಂಬಿದಂತೆ ಭಾರ. ಜೊತೆಗೆ ವಿಪರೀತ ಹೆದರಿಕೆ. ಹೇಗೆ ಹೇಳುವುದೋ ತಿಳಿಯದು, ಅದು ನನ್ನ ಹೆದರಿಕೆಯಲ್ಲ ಅನ್ನಿಸಿತು. ನನ್ನ ಕೈಗಳು ಹಗ್ಗ ಎಳೆಯತೊಡಗಿದವು. ಹಗ್ಗ ಬರಲಿಲ್ಲ. ನಾಗವೇಣಿ ಕಿರುಚಿಕೊಂಡು ತಾನೂ ಕೈ ಹಾಕಿದಳು. ಇಬ್ಬರೂ ಜಗ್ಗಿದಾಗ ಕೆಳಗೆ ಏನೋ ಹರಿದಂತಾಗಿ ಹಗ್ಗ ಸಡಿಲಾಯಿತು.

ಮಂಜುನಾಥ ಮೇಲೆ ಬಂದಾಗ ತುಟಿ ನೀಲಿಯಾಗಿತ್ತು. ದೋಣಿಯ ಅಂಚು ಹಿಡಿದು ಅವನು ಉಸಿರೆಳೆದ. ನಾನೂ ಉಸಿರೆಳೆದದ್ದು ಆಗಲೇ. ಬಂಡೆಗೆ ಸಿಕ್ಕಿಕೊಂಡಿದ್ದ ಹಳೆಯ ಬಲೆಯ ತುಂಡೊಂದು ಅವನ ಎಡಗಾಲಿನ ಹರಡಿಗೆ ಸುತ್ತಿಕೊಂಡಿತ್ತು.

ಆಮೇಲೆ ಇದನ್ನು ಹೇಳಿದಾಗ, ಹಗ್ಗದ ನಡುಕ ಕೈಗೆ ತಿಳಿದಿರಬೇಕು ಎಂದು ಕುಮಟಾದ ವೈದ್ಯಮಿತ್ರರೊಬ್ಬರು ವಿವರಿಸಿದರು. ಒಪ್ಪಿಕೊಳ್ಳಲು ನನಗೂ ಆಸೆಯೇ. ಆದರೆ ಸೊಂಟಕ್ಕೆ ಕಟ್ಟಿದ ಹಗ್ಗ ಸಿಕ್ಕಿಬಿದ್ದದ್ದು ಎಡಗಾಲೆಂದು ಹೇಗೆ ಹೇಳೀತು? ತರಗತಿಯಲ್ಲಿ ಸಿದ್ಧಿಗಳ ಮಾತು ಬಂದಾಗ ಈಗ ನಾನು ನಗುವುದಿಲ್ಲ, ನಂಬಿ ಎಂದೂ ಹೇಳುವುದಿಲ್ಲ.

ಅಂದು ದಡಕ್ಕೆ ಬಂದ ಮೇಲೆ ನಾಗವೇಣಿ ನನ್ನನ್ನೇ ನೋಡುತ್ತ ಕೇಳಿದ್ದಳು: "ನಿಮ್ಮ ಬಾಯಿ ಮುಚ್ಚೇ ಇತ್ತು, ಉಸಿರು ಬಿಟ್ಟಿರ್ಲಿಲ್ಲ, ನಾ ನೋಡ್ತೇ ಇದ್ದೆ. ಮತ್ತೆ ಎಂತಕ್ಕೆ ಎಳೆದ್ರಿ?"

ನನ್ನ ಉಸಿರು ಮುಗಿಯಲೆಂದು ಕಾದಿದ್ದರೆ ಅವಳ ಗಂಡ ಉಳಿಯುತ್ತಿರಲಿಲ್ಲ. ಹಗ್ಗ ಎಳೆದಾಗ ನನಗೆ ಇನ್ನೂ ಬೇಕಾದಷ್ಟು ಉಸಿರಿತ್ತು.